ನಾಗರಾಜಪ್ಪ ಹೆಣೆದ ಮೂವತ್ತು ಟೋಪಿಗಳು

ಟೋಪಿ ಅಂದರೆ ಏನು ಮಹಾ? ಅರ್ಧ ಮೊಳ ಬಟ್ಟೆ! ಆರು ಗಜದ ರೇಷ್ಮೆ ಸೀರೆ, ಮೈತುಂಬ ಬುಟ್ಟಾ, ಸೆರಗಿನ ತುಂಬ ನವಿಲು, ಇಷ್ಟನ್ನೂ ಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತು ಇಪ್ಪತ್ತೆರಡು ವರ್ಷ ನೇಯ್ದ ಕೈಗೆ ಮಕ್ಕಳ ಉಲ್ಲನ್ ಟೋಪಿ ಒಂದು ಕೆಲಸವೇ? ಮೊಳಕಾಲ್ಮೂರಿನ ನೇಕಾರರ ಬೀದಿಯ ನಾಗರಾಜಪ್ಪ ತನ್ನ ಮನೆಯ ಜಗಲಿಯ ಮೇಲೆ ನಿಂತು ಹೀಗೆಂದು ಘೋಷಿಸಿದ್ದು 2001ನೇ ಇಸವಿಯ ನವೆಂಬರ್ ಕೊನೆಯ ವಾರದಲ್ಲಿ. ಸಭೆಯಲ್ಲಿ ಇದ್ದವರು ಮೂವರು. ಎದುರು ಮನೆಯ ನೇಕಾರ ಜೋಗಪ್ಪ, ನಾಗರಾಜಪ್ಪನ ಮನೆಯಲ್ಲೇ ಇರುವ ಅವನ ದೊಡ್ಡಮ್ಮ (ಊರಿಗೆಲ್ಲ ಆಕೆ ಪೆದ್ದಮ್ಮ), ಮತ್ತು ಬಲಗೈಗೆ ಮೊಣಕೈಯವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಹೆಂಡತಿ ಪುಷ್ಪಾ.

ಜೋಗಪ್ಪ ತಲೆಯಾಡಿಸಿದ. ಪೆದ್ದಮ್ಮ ಎಲೆಗೆ ಸುಣ್ಣ ಸವರಿದಳು. ಪುಷ್ಪಾ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ಮೆಚ್ಚುಗೆಯದೆಂದು ನಾಗರಾಜಪ್ಪ ತಿಳಿದುಕೊಂಡ. ಇಲ್ಲಿಂದಲೇ ಅವನ ಲೆಕ್ಕ ತಪ್ಪತೊಡಗಿತು ಎನ್ನಬಹುದು.

ಈ ಟೋಪಿ ಎಲ್ಲಿಂದ ಬಂತೆಂದು ಮೊದಲು ಹೇಳಿಬಿಡಬೇಕು. ಚಳ್ಳಕೆರೆಯ ಒಂದು ಮಹಿಳಾ ಮಂಡಳಿಯವರು ಹೆಂಗಸರಿಗೆ ಹೆಣಿಗೆ ಯಂತ್ರದ ತರಬೇತಿ ಕೊಟ್ಟಿದ್ದರು. ಚಳ್ಳಕೆರೆ ಪುಷ್ಪಾಳ ತವರು. ಅವಳು ಅಲ್ಲಿಯೇ ತಿಂಗಳಿದ್ದು ಕಲಿತಳು. ಕಲಿತವರ ಪೈಕಿ ಮೊದಲನೆಯ ಸ್ಥಾನ ಅವಳದೇ ಆದ್ದರಿಂದ ಮಂಡಳಿಯ ಅಧ್ಯಕ್ಷೆ ಜಯಕ್ಕ ಒಂದು ಯಂತ್ರವನ್ನು ಅವಳ ಮನೆಗೇ ಕಳಿಸಿಕೊಟ್ಟರು. ಜೊತೆಗೆ ಮೊದಲ ಕೆಲಸವಾಗಿ ಚಳ್ಳಕೆರೆಯ ಶಿಶುವಿಹಾರದ ಮಕ್ಕಳಿಗೆ ಮೂವತ್ತು ಟೋಪಿ. ಡಿಸೆಂಬರ್ ಹದಿನೈದಕ್ಕೆ ಟೋಪಿಗಳು ಬಂದು, ಮಕ್ಕಳ ತಲೆಗೆ ಸರಿಹೋದರೆ ಯಂತ್ರ ಪುಷ್ಪಾಳ ಮನೆಯಲ್ಲೇ ಉಳಿಯುತ್ತದೆ. ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನ ಹೆಸರು ನನ್ನಿವಾಳದ ಒಬ್ಬಾಕೆಯದು, ಯಂತ್ರ ಅಲ್ಲಿಗೆ ಹೋಗುತ್ತದೆ. ಇನ್ನೊಂದು ಷರತ್ತು, ಯಂತ್ರವನ್ನು ಸದಸ್ಯೆಯೇ ನಡೆಸಬೇಕು.

ಯಂತ್ರ ಬಂದ ದಿನ ಪುಷ್ಪಾ ಅದಕ್ಕೆ ಕುಂಕುಮ ಹಚ್ಚಿ ಎಷ್ಟು ಹೊತ್ತು ಅದರ ಮುಂದೆ ಕೂತಿದ್ದಳೆಂದರೆ ಒಲೆಯ ಮೇಲಿನ ಸಾರು ಸೀದುಹೋಗಿತ್ತು. ಮದುವೆಯಾಗಿ ಇಪ್ಪತ್ತು ವರ್ಷ ಅವಳು ಗಂಡನ ಮಗ್ಗಕ್ಕೆ ನೂಲು ಸುತ್ತಿಕೊಟ್ಟಿದ್ದಳು. ಸೀರೆ ನೋಡಿದವರೆಲ್ಲ ನಾಗರಾಜಪ್ಪನ ಸೀರೆ ಅಂದರೇ ಹೊರತು ಪುಷ್ಪಾಳ ನೂಲು ಅಂದವರಿಲ್ಲ. ಈಗ ಮನೆಯಲ್ಲಿ ಅವಳದೇ ಅನ್ನುವ ಒಂದು ವಸ್ತು ಬಂದಿತ್ತು. ಅಷ್ಟರಲ್ಲಿ ನಲ್ಲಿಯ ಹತ್ತಿರ ಕಾಲು ಜಾರಿತು, ಮಣಿಕಟ್ಟು ಮುರಿಯಿತು. ಟೋಪಿ ಆಗಿದ್ದವು ಸೊನ್ನೆ, ಉಳಿದಿದ್ದ ದಿನ ಹದಿನೇಳು.

ನಾಗರಾಜಪ್ಪನಿಗೆ ಹೆಂಡತಿಯ ಮುಖ ನೋಡಿ ನಿಜವಾಗಿಯೂ ಸಂಕಟವಾಯಿತು. ಆದರೆ ಅವನ ಜಾಯಮಾನವೇ ಹಾಗೆ, ಸಂಕಟವಾದರೂ ಅದು ಹೊರಗೆ ಬರುವುದು ಜಂಬದ ರೂಪದಲ್ಲಿ. "ನೀ ನಿಮ್ಮವ್ವನ ಮನೆಗೆ ಹೋಗಿ ಕೈ ನೋಡ್ಕೋ. ಟೋಪಿ ನಂಗೆ ಬಿಡು. ಮಂಡಳಿಯವರಿಗೆ ಮಾತ್ರ ಬಾಯಿ ಬಿಡಬ್ಯಾಡ, ನೀನೇ ಹೆಣೆದಿದ್ದು ಅಂತ ಇರ್ಲಿ," ಅಂದ. ಪುಷ್ಪಾ ಹೊರಡುವ ಮುನ್ನ ಎಡಗೈಯಲ್ಲೇ ಯಂತ್ರ ನಡೆಸುವುದನ್ನು ಒಂದು ಸಲ ತೋರಿಸಿಕೊಟ್ಟಳು. ಗಾಡಿ ಹೀಗೆ ದೂಡಬೇಕು, ಸೂಜಿ ಹೀಗೆ ಮುಂದೆ ತರಬೇಕು, ತುದಿಗೆ ತೂಕದ ಬಿಲ್ಲೆ ಹೀಗೆ ಸಿಕ್ಕಿಸಬೇಕು, ಕೊನೆಗೆ ಹೀಗೆ ಮುಗಿಸಬೇಕು. ನಾಗರಾಜಪ್ಪ ಎಲ್ಲದಕ್ಕೂ ಗೊತ್ತು ಗೊತ್ತು ಅಂದ. ಕೊನೆಗೆ ಮುಗಿಸುವ ಹೊತ್ತಿನಲ್ಲಿ ಅವನು ಕಿಟಕಿಯಿಂದಾಚೆ ಯಾರನ್ನೋ ಮಾತಾಡಿಸುತ್ತಿದ್ದ.

ಮಾರನೆಯ ದಿನ ಸ್ನಾನ ಮಾಡಿ, ವಿಭೂತಿ ಇಟ್ಟು, ತನ್ನ ಮಗ್ಗಕ್ಕೆ ಕೈಮುಗಿದು ರಜೆ ಕೊಟ್ಟು, ನಾಗರಾಜಪ್ಪ ಹೆಣಿಗೆ ಯಂತ್ರದ ಮುಂದೆ ವಿರಾಜಮಾನನಾದ. ಮೇಜಿನುದ್ದದ ಕಬ್ಬಿಣದ ಪಟ್ಟಿ, ಅದರ ಮೇಲೆ ಸಾಲಾಗಿ ನೂರೈವತ್ತು ಕೊಕ್ಕೆ ಸೂಜಿ, ಅವುಗಳ ಮೇಲೆ ಅತ್ತಿಂದಿತ್ತ ಓಡುವ ಒಂದು ಗಾಡಿ. ಗಾಡಿ ಓಡುವುದು ಕಂಡು ಅವನಿಗೆ ಮಗ್ಗದ ಲಾಳಿಯ ನೆನಪಾಗಿ ಪ್ರೀತಿ ಬಂತು. ಆದರೆ ಎರಡೇ ನಿಮಿಷದಲ್ಲಿ ಮೊದಲ ಗೊಂದಲ ಎದುರಾಯಿತು. ಬಟ್ಟೆ ಅಂದ ಮೇಲೆ ಉದ್ದಕ್ಕೆ ಹಾಸು ಇರಬೇಕು, ಅಡ್ಡಕ್ಕೆ ಹೊಕ್ಕು ಇರಬೇಕು. ಇಲ್ಲಿ ಒಂದೇ ಒಂದು ಎಳೆ ಅಡ್ಡಡ್ಡ ಓಡಾಡುತ್ತಿದೆ. ಹಾಗಾದರೆ ಹಾಸು ಎಲ್ಲಿ? ನಾಗರಾಜಪ್ಪ ಮೇಜಿನ ಕೆಳಗೆ ಬಗ್ಗಿ ನೋಡಿದ. ಡಬ್ಬಿ ಬಿಚ್ಚಿ ನೋಡಿದ. ಎಲ್ಲೂ ಇಲ್ಲ. ಹಾಸಿಲ್ಲದೆ ಈ ಹೊಕ್ಕು ಯಾವುದನ್ನು ಹಿಡಿದುಕೊಂಡು ನಿಂತಿದೆ? ಪೆದ್ದಮ್ಮನನ್ನು ಕೇಳಿದ. ಕಂಪನಿಯವರು ಕಳಿಸುವುದು ಮರೆತಿರಬೇಕು ಅಂದಳು ಆಕೆ.

ಹಾಸಿಲ್ಲದ ಬಟ್ಟೆ ಬೆಳೆಯುತ್ತಲೇ ಹೋಯಿತು. ಸಂಜೆಯ ಹೊತ್ತಿಗೆ ಟೋಪಿಗೆ ಬೇಕಾದಷ್ಟು ಬಟ್ಟೆ ಯಂತ್ರದಿಂದ ನೇತಾಡುತ್ತಿತ್ತು. ನೇಕಾರರ ಮನೆಯಲ್ಲಿ ಸೀರೆ ಮುಗಿದು ಮಗ್ಗದಿಂದ ಕೊಯ್ಯುವುದೆಂದರೆ ಸುಮ್ಮನೆ ಅಲ್ಲ. ದೀಪ ಹಚ್ಚಬೇಕು, ಅರಿಶಿನ ಕುಂಕುಮ ಏರಿಸಬೇಕು, ಕಾಯಿ ಒಡೆಯಬೇಕು. ಮೊದಲನೆಯ ಟೋಪಿಗೂ ಇದೆಲ್ಲ ಸಲ್ಲಬೇಕೆಂದು ನಾಗರಾಜಪ್ಪ ತೀರ್ಮಾನಿಸಿ ಬೀದಿಯ ಹತ್ತು ಜನರನ್ನು ಕರೆದ. ದೀಪ ಹಚ್ಚಿದ್ದಾಯಿತು, ಕಾಯಿ ಒಡೆದದ್ದಾಯಿತು. ಜೋಗಪ್ಪ ಗಂಟಲು ಸರಿಮಾಡಿಕೊಂಡು ಎರಡು ಒಳ್ಳೆಯ ಮಾತಾಡಿದ. ನಾಗರಾಜಪ್ಪ ಕತ್ತರಿ ಹಿಡಿದು, ಸೂಜಿಗಳ ಬುಡಕ್ಕೆ ಹಾಕಿ, ಸೀರೆ ಕೊಯ್ದಷ್ಟೇ ಗಂಭೀರವಾಗಿ ಕರಕರನೆ ಕೊಯ್ದುಬಿಟ್ಟ. ಬಟ್ಟೆ ಕೆಳಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊಯ್ದ ಅಂಚಿನಲ್ಲಿ ಎಳೆಗಳು ಅಲ್ಲಲ್ಲಿ ಮುಖ ತೋರಿಸುತ್ತಿದ್ದವು. ನೇಕಾರನಾದವನಿಗೆ ಇದು ಸಹಿಸುವ ಮಾತಲ್ಲ. ಸೀರೆ ಅಂಗಡಿಗೆ ಹೋಗುವ ಮುನ್ನ ಹೀಗೆ ಎದ್ದ ಎಳೆಗಳನ್ನೆಲ್ಲ ಚಿಮುಟದಲ್ಲಿ ಕಿತ್ತು ಚೊಕ್ಕ ಮಾಡುವುದು ಪದ್ಧತಿ. ನಾಗರಾಜಪ್ಪ ಚಿಮುಟ ತಂದು ತುಂಡುಗಳನ್ನೆಲ್ಲ ಕಿತ್ತ. ಒಂದು ಎಳೆ ಮಾತ್ರ ಕೀಳಲು ಹೋದರೆ ಬಂತು, ಬರುತ್ತಲೇ ಇತ್ತು. ಬರಲಿ, ಎಷ್ಟು ಅಂತ ಬಂದೀತು ಎಂದು ಎಳೆದ. ಜನರಿಗೆ ಕಾಯಿ ಚೂರು ಹಂಚಿ ಮುಗಿಯುವ ಹೊತ್ತಿಗೆ ಅವನ ತೊಡೆಯ ಮೇಲೆ ಗುಂಗುರು ಗುಂಗುರಾದ ನೀಲಿ ಉಲ್ಲನ್ನಿನ ಒಂದು ಗುಡ್ಡೆ ಇತ್ತು. ಬಟ್ಟೆ ಇರಲಿಲ್ಲ.

"ಟೋಪಿ ಎಲ್ಲಿ?" ಎಂದು ಕೇಳಿದ ಜೋಗಪ್ಪ, ಬಾಯಲ್ಲಿ ಕಾಯಿ ಇಟ್ಟುಕೊಂಡೇ.

ನಾಗರಾಜಪ್ಪ ಗುಡ್ಡೆಯನ್ನು ನೋಡಿದ, ಚಿಮುಟವನ್ನು ನೋಡಿದ, ಯಂತ್ರವನ್ನು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅವನ ಯಾವ ಸೀರೆಯೂ ನೋಡನೋಡುತ್ತ ಮಾಯವಾಗಿರಲಿಲ್ಲ. ಹಾಸು ಕಳಿಸಿಲ್ಲ, ಅದಕ್ಕೇ ಹೀಗೆ ಅಂದ. ಬಂದವರು ಹೌದು ಹೌದು ಅಂದು ಹೊರಟುಹೋದರು. ಬೀದಿಯ ತಿರುವು ದಾಟುವವರೆಗೂ ಅವರು ನಗು ತಡೆದುಕೊಂಡಿದ್ದು ಒಳ್ಳೆಯತನವೇ ಸರಿ.

ಅದೇ ಸಂಜೆ ಜೋಗಪ್ಪನ ಮನೆಯ ಫೋನಿಗೆ ಪುಷ್ಪಾಳ ಕರೆ ಬಂತು. ಬೀದಿಯಲ್ಲಿ ಫೋನು ಇದ್ದದ್ದು ಅವನ ಮನೆಯಲ್ಲಿ ಮಾತ್ರ. ರೀ, ನಿಮಗೊಂದು ಮಾತು ಹೇಳಬೇಕಿತ್ತು ಎಂದು ಅವಳು ಶುರುಮಾಡಿದ್ದೇ ತಡ, ನಾಗರಾಜಪ್ಪ ಮಾತು ಕಸಿದುಕೊಂಡ. ಮೊದಲನೇದು ಇಳಿಸಿದೆ, ದೀಪ ಹಚ್ಚಿ ಕಾಯಿ ಒಡೆದೆ, ನೋಡಾಕೆ ಬೀದಿಯೇ ಬಂದಿತ್ತು, ಎಲ್ಲರೂ ದಂಗಾಗಿ ಹೋದರು ಅಂದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳು ಮತ್ತೇನೋ ಹೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಮನೆಗೆ ಬಂದರೆ ಪೆದ್ದಮ್ಮ ಒಂದು ದೊಡ್ಡ ಸಂಗತಿ ಹೇಳಿದಳು. ಪುಷ್ಪಾ ಆವತ್ತು ತೋರಿಸಿದಾಗ ಕೊನೆಗೆ ಕತ್ತರಿ ಹಾಕಿರಲಿಲ್ಲ, ಒಂದೊಂದೇ ಕುಣಿಕೆಯನ್ನು ಎತ್ತಿ ಪಕ್ಕದ ಕುಣಿಕೆಯೊಳಗೆ ದಾಟಿಸಿ ಬಾಯಿ ಮುಚ್ಚಿದ್ದಳು. ಹಾಗಾದರೆ ಕಾಯಿ ಒಡೆಯುವಾಗಲೇ ಯಾಕೆ ಹೇಳಲಿಲ್ಲ ಎಂದು ನಾಗರಾಜಪ್ಪ ಕೂಗಾಡಿದ. "ನುವ್ವು ಅಡಗಲೇದು ಕದರಾ. ನೀನು ಕೇಳಿದ್ರೆ ತಾನೇ ಹೇಳೋದು," ಅಂದಳು ಪೆದ್ದಮ್ಮ, ತೆಲುಗನ್ನೂ ಕನ್ನಡವನ್ನೂ ಒಂದೇ ಎಲೆಯಲ್ಲಿ ಮಡಿಸಿ.

ಎರಡನೆಯ ಟೋಪಿಯ ಬಾಯಿ ಸರಿಯಾಗಿ ಮುಚ್ಚಿತು. ಎಳೆದರೆ ಬಿಚ್ಚಲಿಲ್ಲ. ನಾಗರಾಜಪ್ಪ ಮೀಸೆ ತಿರುವಿದ. ಜೋಗಪ್ಪನ ನಾಲ್ಕು ವರ್ಷದ ಮೊಮ್ಮಗಳು ಮಾಲಾಳ ತಲೆಯ ಸುತ್ತಳತೆ ಇಪ್ಪತ್ತು ಇಂಚು. ಯಂತ್ರದ ಮೇಲಿರುವಾಗಲೇ ಟೇಪು ಹಿಡಿದು ಅಳೆದಿದ್ದ, ಅದೂ ಇಪ್ಪತ್ತು. ನೇಕಾರರಲ್ಲಿ ಬಟ್ಟೆ ಅಳೆಯುವುದು ಮಗ್ಗದ ಮೇಲೆ, ಬಿಗಿಯಾಗಿ ಎಳೆದು ನಿಂತಿರುವಾಗ. ಅವನ ಅಪ್ಪ ಹಾಗೇ ಅಳೆದ, ಅಜ್ಜ ಹಾಗೇ ಅಳೆದ, ಮಗ್ಗದ ಮೇಲಿನ ಅಳತೆಯೇ ಅಳತೆ. ಹೊಲಿದು, ನೆತ್ತಿ ಕಟ್ಟಿ, ಎದುರು ಮನೆಗೆ ಹೋಗಿ ಮಾಲಾಳ ತಲೆಗೆ ತೊಡಿಸಿದ.

ಟೋಪಿ ಅವಳ ನೆತ್ತಿಯ ಮೇಲೆ ಕೂತುಕೊಂಡಿತು. ಕಿವಿ ಹೊರಗೆ, ಹಣೆ ಹೊರಗೆ, ಅರ್ಧ ತಲೆ ಹೊರಗೆ. ಮಗು ಒಂದು ಸಲ ಸೀನಿದ್ದಕ್ಕೆ ಹಾರಿ ಕೆಳಗೆ ಬಿತ್ತು. ತೆಗೆದು ಅಳೆದರೆ ಹದಿನಾರು ಇಂಚು!

ಇಪ್ಪತ್ತು ಇಂಚು ಬಟ್ಟೆ ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಹದಿನಾರಾಗುವುದು ಹೇಗೆ? ಮಿಕ್ಕ ನಾಲ್ಕು ಇಂಚು ಎಲ್ಲಿ ಹೋಯಿತು? ನಾಗರಾಜಪ್ಪ ಯಂತ್ರದಿಂದ ಜೋಗಪ್ಪನ ಮನೆಯವರೆಗೂ ದಾರಿ ನೋಡುತ್ತ ಬಂದ. ಟೇಪಿನ ಮೇಲೆ ಅನುಮಾನ ಬಂತು. ದರ್ಜಿಯ ಹತ್ತಿರ ಬೇರೆ ಟೇಪು ತಂದ, ಅದೂ ಇದನ್ನೇ ಹೇಳಿತು. ಸೀರೆ ಅಳೆಯುವ ಕೋಲು ತಂದ, ಅದೂ ಟೇಪುಗಳ ಪಕ್ಷ ಸೇರಿತು. ಮಾಲಾಳ ತಲೆ ರಾತ್ರೋರಾತ್ರಿ ದಪ್ಪವಾಯಿತೇ ಎಂದು ಮತ್ತೆ ಅಳೆದ. ಇಪ್ಪತ್ತೇ. ಹಾಗಾದರೆ ತಪ್ಪು ಒಂದೇ ಕಡೆ ಇರಲು ಸಾಧ್ಯ, ಬಟ್ಟೆ ಸಡಿಲ.

ನೇಕಾರನ ಶಾಸ್ತ್ರದಲ್ಲಿ ಎಲ್ಲ ಕಾಯಿಲೆಗೂ ಮದ್ದು ಒಂದೇ, ಬಿಗಿ ಮಾಡು. ಸಡಿಲವಿದ್ದ ಬಟ್ಟೆ ಕುಗ್ಗುತ್ತದೆ, ಬಿಗಿ ಇದ್ದರೆ ಹೇಳಿದ ಹಾಗೆ ನಿಲ್ಲುತ್ತದೆ. ನಾಗರಾಜಪ್ಪ ಬಿಗಿ ಮಾಡುವ ತಿರುಪನ್ನು ಎರಡು ಸುತ್ತು ತಿರುಗಿಸಿದ. ಮಂಡಳಿಯವರು ಕೊಟ್ಟಿದ್ದ ಎರಡು ತೂಕದ ಬಿಲ್ಲೆ ಅವನ ಕಣ್ಣಿಗೆ ಆಟದ ಸಾಮಾನಾಗಿ ಕಂಡವು. ಮೊಳಕಾಲ್ಮೂರಿನಲ್ಲಿ ಕಲ್ಲಿಗೇನು ಬರ? ಬೆಟ್ಟದ ಬುಡದಿಂದ ಒಳ್ಳೆಯ ನುಣುಪಾದ ನಾಲ್ಕು ಕಲ್ಲು ತಂದು, ಹಳೆಯ ಪಂಚೆಯ ತುಂಡಲ್ಲಿ ಕಟ್ಟಿ ಹೆಣಿಗೆಗೆ ನೇತುಹಾಕಿದ. ಮೂರನೆಯ ಟೋಪಿ ಯಂತ್ರದ ಮೇಲೆ ಇಪ್ಪತ್ತೆರಡು ಇಂಚು ಬಂತು. ಇಳಿಸಿದರೆ ಹದಿನೈದು.

ಇನ್ನೆರಡು ಕಲ್ಲು ಕಟ್ಟಿದ, ತಿರುಪು ಇನ್ನೊಂದು ಸುತ್ತು. ಯಂತ್ರದ ಮೇಲೆ ಇಪ್ಪತ್ತಮೂರು, ಇಳಿಸಿದರೆ ಹದಿನಾಲ್ಕು! ದೊಡ್ಡದು ಮಾಡಿದಷ್ಟೂ ಚಿಕ್ಕದಾಗುವ ವಸ್ತುವನ್ನು ನಾಗರಾಜಪ್ಪ ಜೀವಮಾನದಲ್ಲಿ ಕಂಡಿರಲಿಲ್ಲ. ಅವನು ಮೂರು ಹೊತ್ತೂ ಅದನ್ನೇ ಯೋಚಿಸಿದ. ಊಟಕ್ಕೆ ಕೂತಾಗ ಮುದ್ದೆಯ ಸುತ್ತ ಟೇಪು ಹಿಡಿದು, ಮುರಿದ ಮೇಲೆ ಮತ್ತೆ ಹಿಡಿದು ನೋಡಿದ. ಪೆದ್ದಮ್ಮ ಗಾಬರಿಯಾಗಿ ಉಪ್ಪು ಮೆಣಸಿನಕಾಯಿ ನೀವಾಳಿಸಿದಳು. ಮೊದಲು ಅವನಿಗೆ, ಆಮೇಲೆ ಯಂತ್ರಕ್ಕೆ. ಮೆಣಸಿನ ಘಾಟಿಗೆ ಮೂರು ಮನೆಯವರು ಕೆಮ್ಮಿದರು. ಐದನೆಯ ಟೋಪಿ ಹದಿಮೂರೂವರೆಗೆ ಇಳಿಯಿತು.

ತಪ್ಪು ತಲೆಗಳಲ್ಲೇ ಇರಬಹುದೇ ಎಂಬ ಯೋಚನೆ ಆಗ ಬಂತು. ಒಂದು ತಲೆ ನೋಡಿ ತೀರ್ಮಾನ ಮಾಡುವುದು ತಪ್ಪಲ್ಲವೇ? ಟೇಪು ಹೆಗಲಿಗೆ ಹಾಕಿಕೊಂಡು ಬೀದಿಯ ಮಕ್ಕಳ ತಲೆಯನ್ನೆಲ್ಲ ಅಳೆದು ಚೀಟಿಯಲ್ಲಿ ಬರೆದುಕೊಂಡ. ಮಕ್ಕಳು ಮುಗಿದ ಮೇಲೆ ದೊಡ್ಡವರದು. ಆ ವರ್ಷದ ಮೊದಲಲ್ಲಷ್ಟೇ ಜನಗಣತಿ ಮುಗಿದಿತ್ತು. ತಲೆ ಎಣಿಸಿ ಹೋದವರು ಈಗ ಅಳೆಯಲಿಕ್ಕೂ ಕಳಿಸಿದ್ದಾರೆಂದು ಕೆಲವರು ತಿಳಿದು, ನಮ್ಮ ಮನೆಯಲ್ಲಿ ಇನ್ನೂ ಎರಡು ತಲೆ ಹೊಲಕ್ಕೆ ಹೋಗಿವೆ, ಸಂಜೆ ಬನ್ನಿ ಅಂದರು. ಒಬ್ಬ ಮುದುಕಿ ತನ್ನ ತಲೆಯದು ಬರೆದುಕೊಂಡದ್ದಕ್ಕೆ ಹೆಬ್ಬೆಟ್ಟು ಒತ್ತಲು ಕೈ ಮುಂದೆ ಮಾಡಿದಳು. ನಾಗರಾಜಪ್ಪನ ಚೀಟಿ ತುಂಬಿತು, ತಲೆ ಖಾಲಿಯಾಯಿತು.

ಪುಷ್ಪಾಳ ಎರಡನೆಯ ಫೋನು ಬಂದದ್ದು ಇಂಥ ಹೊತ್ತಿನಲ್ಲಿ.

"ರೀ, ಅಳತೆ ಮಾಡ್ಬೇಕಾದ್ರೆ ಒಂದು—"

"ಅಳತೆ ನಂಗೆ ಹೇಳ್ಕೊಡ್ತೀಯಾ? ಹನ್ನೊಂದು ಟೋಪಿ ಆಗ್ಯಾವೆ. ಒಂದಕ್ಕಿಂತ ಒಂದು ಬಿಗಿ. ನೀ ಕೈ ನೋಡ್ಕೋ."

ಫೋನು ಇಟ್ಟ ಮೇಲೆ ಜೋಗಪ್ಪನ ಮನೆಯ ಗೋಡೆಗೆ ಒರಗಿ ನಿಂತ. ನಿಜ ಹೇಳಬೇಕೆಂದು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ನನ್ನಿವಾಳದ ಕಡೆಗೆ ಗಾಡಿಯ ಮೇಲೆ ಹೋಗುತ್ತಿರುವ ಯಂತ್ರ, ಅದನ್ನು ಬಾಗಿಲಲ್ಲಿ ನಿಂತು ನೋಡುತ್ತಿರುವ ಪುಷ್ಪಾ, ಈ ಚಿತ್ರ ಕಣ್ಣಮುಂದೆ ಬಂದು ಅವನ ಬಾಯಿ ಕಟ್ಟಿತ್ತು. ಅವಳ ಆಸೆ ತನ್ನ ಕೈಯಲ್ಲಿ ಹಾಳಾಗುತ್ತಿದೆ ಎಂದು ಅವನಿಗೆ ಹೆದರಿಕೆಯಾಗಿತ್ತು. ಹೆದರಿಕೆಯಾದಾಗ ಅವನು ಇನ್ನಷ್ಟು ಕಲ್ಲು ಕಟ್ಟುತ್ತಿದ್ದ.

ಡಿಸೆಂಬರ್ ಹದಿಮೂರರ ಹೊತ್ತಿಗೆ ಮೂವತ್ತು ಟೋಪಿಗಳೂ ಸಿದ್ಧವಾದವು. ಸಾಲಾಗಿ ಜೋಡಿಸಿದರೆ ಮೊದಲನೆಯದು ಒಂದು ದಪ್ಪ ಈರುಳ್ಳಿಗಿಂತ ದೊಡ್ಡದಾಗಿ ಗೌರವದಿಂದ ಕಾಣುತ್ತಿತ್ತು, ಕೊನೆಯದು ಮೊಣಕೈಗೆ ಆಗುವಂತಿತ್ತು. ಅಷ್ಟೊಂದು ಬಿಗಿಗೆ ಅವು ಗಟ್ಟಿಯಾಗಿ, ನೆಲದ ಮೇಲಿಟ್ಟರೆ ಕುಡಿಕೆಗಳ ಹಾಗೆ ತಾವೇ ನಿಲ್ಲುತ್ತಿದ್ದವು. ಬಣ್ಣ ಮಾತ್ರ ಚೆನ್ನಾಗಿತ್ತು. ಪೆದ್ದಮ್ಮ ಒಂದನ್ನು ಎಲೆ ಅಡಿಕೆ ಇಡಲು ಕೇಳಿದಳು. ನಾಗರಾಜಪ್ಪ ಬೈದು ಕಿತ್ತುಕೊಂಡ.

ಮೂರನೆಯ ಫೋನಿನಲ್ಲಿ ಪುಷ್ಪಾ "ಹದಿನೈದನೇ ತಾರೀಖು..." ಅನ್ನುವಷ್ಟಕ್ಕೇ ಅವನು "ಬೆಳಿಗ್ಗೆ ಹತ್ತು ಗಂಟೆ, ಶಿಶುವಿಹಾರ, ನೆನಪೈತೆ" ಅಂದು ಇಟ್ಟುಬಿಟ್ಟ.

ಹದಿನೈದರ ಬೆಳಿಗ್ಗೆ ಮೊದಲ ಬಸ್ಸಿಗೆ ಟೋಪಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಹೊರಟ. ಮನುಷ್ಯನಿಗೆ ದಾರಿಯೇ ಕಾಣದಾಗ ಆಸೆ ಎಲ್ಲೆಲ್ಲಿಂದಲೋ ನುಗ್ಗುತ್ತದೆ ನೋಡಿ. ಚಳ್ಳಕೆರೆ ಬೇರೆ ತಾಲ್ಲೂಕು, ನೀರು ಬೇರೆ, ಗಾಳಿ ಬೇರೆ, ಅಲ್ಲಿನ ಮಕ್ಕಳ ತಲೆ ಸ್ವಲ್ಪ ಚಿಕ್ಕದೇ ಇರಬಾರದೇಕೆ? ತಳಕಿನಲ್ಲಿ ಬಸ್ಸು ನಿಂತಾಗ ಹತ್ತಿದ ಒಂದು ಕೂಸಿನ ತಲೆಯನ್ನು ಅವನು ಕಣ್ಣಲ್ಲೇ ಅಳೆದ. ಮೊಳಕಾಲ್ಮೂರಿನ ತಲೆಗಿಂತ ಒಂದು ಸುತ್ತು ದೊಡ್ಡದೇ ಇತ್ತು. ಆಮೇಲೆ ಚಳ್ಳಕೆರೆ ಬರುವವರೆಗೂ ಅವನು ಯಾರ ತಲೆಯನ್ನೂ ನೋಡಲಿಲ್ಲ.

ಶಿಶುವಿಹಾರದ ಜಮಖಾನದ ಮೇಲೆ ಮೂವತ್ತು ಮಕ್ಕಳು ಚಳಿಗೆ ಮುದುರಿ ಕೂತಿದ್ದರು. ಕುರ್ಚಿಯಲ್ಲಿ ಜಯಕ್ಕ, ಪಕ್ಕದಲ್ಲಿ ಕೈ ಕುತ್ತಿಗೆಗೆ ಕಟ್ಟಿಕೊಂಡ ಪುಷ್ಪಾ. ಇವನು ಗಂಟು ಇಳಿಸಿದ್ದು ನೋಡಿ ಜಯಕ್ಕ ಪುಷ್ಪಾಳ ಮುಖ ನೋಡಿದರು, ಪುಷ್ಪಾ ಗಂಡನ ಮುಖ ನೋಡಿದಳು. ಜಯಕ್ಕ ಗಂಟು ಬಿಚ್ಚಿ, ಒಂದು ಟೋಪಿ ತೆಗೆದು, ಮುಂದೆ ಕೂತಿದ್ದ ಮಗುವಿನ ತಲೆಗೆ ಇಟ್ಟರು. ಇಟ್ಟರು ಅನ್ನುವುದೇ ಸರಿ, ತೊಡಿಸಲು ಬರುತ್ತಿರಲಿಲ್ಲ. ಅದು ಅಲ್ಲಿ ಗಟ್ಟಿಯಾಗಿ ನಿಂತುಕೊಂಡಿತು. ಮಗು ಅಲ್ಲಾಡದೆ ಕಣ್ಣು ಮೇಲೆ ಮಾಡಿ ನೋಡಿತು. ಪಕ್ಕದ ಹುಡುಗಿ ಗಂಟಿನಿಂದ ಇನ್ನೊಂದು ತೆಗೆದು ಮುಷ್ಟಿಗೆ ಹಾಕಿಕೊಂಡಳು. ಸರಿಯಾಗಿ ಕೂತಿತು. ಅಷ್ಟೇ ಸಾಕಾಯಿತು, ಮಿಕ್ಕ ಮಕ್ಕಳೆಲ್ಲ ಗಂಟಿನ ಮೇಲೆ ಬಿದ್ದರು. ಯಾರದೋ ಮೊಣಕಾಲಿಗೆ ಒಂದು, ಯಾರದೋ ಹಿಮ್ಮಡಿಗೆ ಒಂದು, ಯಾರದೋ ಮೂಗಿಗೆ ಒಂದು. ತಲೆಯೊಂದನ್ನು ಬಿಟ್ಟು ಶಿಶುವಿಹಾರದ ಸಕಲ ಅಂಗಾಂಗಗಳಿಗೂ ನಾಗರಾಜಪ್ಪನ ಟೋಪಿಗಳು ಸರಿಹೋದವು.

ಜಯಕ್ಕ ಕೈಚೀಲದೊಳಗೆ ಏನನ್ನೋ ಹುಡುಕತೊಡಗಿದರು. ಪಟ್ಟಿಯೇ ಇರಬೇಕು, ಪುಷ್ಪಾಳ ಹೆಸರಿಗೆ ಗೀಟು ಎಳೆಯುತ್ತಾರೆ ಎಂದುಕೊಂಡ ನಾಗರಾಜಪ್ಪ. ನೇಕಾರರ ಬೀದಿಯ ಮರ್ಯಾದೆ, ನವಿಲಿನ ಸೆರಗು, ಅಪ್ಪ ಅಜ್ಜಂದಿರ ಅಳತೆ ಎಲ್ಲವೂ ಒಂದು ಕ್ಷಣ ಅಡ್ಡ ನಿಂತವು. ಅವನು ಅವನ್ನೆಲ್ಲ ದಾಟಿಕೊಂಡು ಮುಂದೆ ಬಂದು ಕೈಮುಗಿದ.

"ಜಯಕ್ಕಾರೆ, ಇವು ಪುಷ್ಪಾ ಹೆಣೆದಿದ್ದಲ್ರಿ. ನಾನು ಹೆಣೆದಿದ್ದು. ಅವಳ ಕೈ ಇವಕ್ಕೆ ತಾಗಿಲ್ಲ, ಅವಳ ಕೆಲಸ ಹಿಂಗಿರಲ್ಲ. ಮಿಷನ್ನು ಮುಟ್ಟಬಾರದು ಅಂತ ಗೊತ್ತಿದ್ದೂ ಮುಟ್ಟಿದೆ. ಏನು ಬೈತೀರೋ ನಂಗೆ ಬೈರಿ. ಮಿಷನ್ನು ಮಾತ್ರ ಅವಳಿಂದ ಕಿತ್ಕೋಬ್ಯಾಡ್ರಿ. ಅದು ಬಂದಾಗಿಂದ ಅವಳು ಒಬ್ಬಳೇ ಇದ್ದಾಗ ಹಾಡು ಹೇಳ್ಕೊಂತಾಳೆ."

ಜಯಕ್ಕ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಅವನನ್ನು ಚೆನ್ನಾಗಿ ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಇಷ್ಟು ದಿನ ನಾಗರಾಜಪ್ಪ ಹೊತ್ತು ತಿರುಗಿದ ಗೊಂದಲವೆಲ್ಲ ಈಗ ಅವರ ಮುಖಕ್ಕೆ ಬಂದಂತಿತ್ತು.

"ಪುಷ್ಪಾ ಕೈ ಮುರಕೊಂಡು ಬಂದ ದಿನಾನೇ ನಮ್ಮನೆಗೆ ಬಂದು ಎಲ್ಲ ಹೇಳಿದ್ಲು. ಕೈ ಕೂಡ್ಲಿ, ಜನವರಿ ಕೊನೇಗೆ ಕೊಡು ಅಂದೆ. ಮಿಷನ್ನು ಎಲ್ಲೂ ಹೋಗಲ್ಲ ಅಂತಾನೂ ಅಂದೆ. ಇವತ್ತು ಅವಳು ಸುಮ್ನೆ ಮಕ್ಕಳನ್ನ ನೋಡಾಕೆ ಬಂದಾಳೆ. ನೀವು ಯಾಕೆ ಈ ಮೂವತ್ತು ಟೋಪಿ ಹೊತ್ಕೊಂಡು ಬಂದ್ರಿ ಅನ್ನೋದೇ ನಂಗೆ ತಿಳೀತಾ ಇಲ್ಲ."

ನಾಗರಾಜಪ್ಪ ಹೆಂಡತಿಯ ಕಡೆ ತಿರುಗಿದ.

"ಇದನ್ನ ಹೇಳಾಕೇ ಮೂರು ಸಲ ಫೋನ್ ಮಾಡ್ದೆ," ಅಂದಳು ಪುಷ್ಪಾ. "ಮೂರು ಸಲಾನೂ ನೀವೇ ಮಾತಾಡಿ ನೀವೇ ಇಟ್ರಿ. ಚೆನ್ನಾಗಿ ಆಗ್ತಾ ಅದಾವೆ ಅಂದ್ರಲ್ಲ, ಆಗ್ಲಿ ಬಿಡು ಅಂತ ಸುಮ್ಮನಾದೆ." ಅವಳು ಮಗುವಿನ ನೆತ್ತಿಯ ಮೇಲಿಂದ ಟೋಪಿಯನ್ನು ಎಡಗೈಯಲ್ಲಿ ತೆಗೆದು, ಹಿಂಡಿ, ಎಳೆದು ನೋಡಿದಳು. "ತೂಕ ಇಳಿಸಿ ಅಳೆದ್ರಾ, ಇದ್ದ ಹಾಗೇ ಅಳೆದ್ರಾ?"

ಇದ್ದ ಹಾಗೇ ಅಂದ ನಾಗರಾಜಪ್ಪ, ಕೇಳಿಸಿಯೂ ಕೇಳಿಸದ ಹಾಗೆ.

"ಇದು ಸೀರೆ ಅಲ್ಲ ರೀ, ಬರೀ ಕುಣಿಕೆ. ತೂಕ ಎಳೆದ್ರೆ ಹಿಗ್ತೈತೆ, ಇಳಿಸಿದ್ರೆ ತನ್ನ ಅಳತೆಗೆ ಬರ್ತೈತೆ. ತಿರುಪು ಬಿಗಿ ಮಾಡಿದಷ್ಟೂ ಕುಣಿಕೆ ಚಿಕ್ಕದಾಗ್ತೈತೆ. ಒಂದು ದಿನ ಸುಮ್ನೆ ಬಿಟ್ಟು ಆಮೇಲೆ ಅಳೀಬೇಕು. ಎರಡನೇ ಸಲ ಫೋನ್ ಮಾಡಿದಾಗ ಇದನ್ನೂ ಹೇಳಾಕೆ ಬಂದಿದ್ದೆ."

ಹದಿನೇಳು ದಿನದ ಒಗಟು, ಎರಡು ಟೇಪು, ಒಂದು ಕೋಲು, ಒಂದು ಬೀದಿಯ ತಲೆಗಳು, ಬೆಟ್ಟದ ಬುಡದ ಅಷ್ಟೂ ಕಲ್ಲುಗಳು! ಒಂದು ಮಾತಿಗೆ ಎಲ್ಲ ಇತ್ಯರ್ಥವಾಗಿಹೋಯಿತು. ಸಂಕೋಚಕ್ಕೆ ನಾಗರಾಜಪ್ಪನ ಕಿವಿ ಬಿಸಿಯಾದವು. ಜೊತೆಗೆ, ಯಂತ್ರ ಎಲ್ಲಿಗೂ ಹೋಗುತ್ತಿಲ್ಲ ಎಂಬುದು ತಡವಾಗಿ ತಲೆಗಿಳಿದು, ಅವನಿಗೆ ಆದ ಸಂತೋಷ ಎಷ್ಟೆಂದರೆ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತ. ಆ ಬೆಂಚೂ ಅವನ ಅಳತೆಗೆ ಚಿಕ್ಕದೇ.

ಪುಷ್ಪಾ ಪಕ್ಕದಲ್ಲಿ ಬಂದು ಕೂತಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. "ಇಪ್ಪತ್ತು ವರ್ಷದಾಗೆ ನಾಕು ಜನದ ಮುಂದೆ 'ಅವಳ ಕೆಲಸ' ಅಂತ ನೀವು ಬಾಯಿಬಿಟ್ಟು ಅಂದಿದ್ದು ಇವತ್ತೇ," ಅಂದಳು ಮೆಲ್ಲಗೆ.

ಜಯಕ್ಕನೂ ನಗುತ್ತ, ಮೂವತ್ತನ್ನೂ ಬಿಚ್ಚಿ ಮತ್ತೆ ಹೆಣೆಯಬಹುದು, ಉಲ್ಲನ್ನು ಹಾಳಾಗುವುದಿಲ್ಲ, ಅಲ್ಲಿಯವರೆಗೆ ಮಕ್ಕಳು ಇವುಗಳಲ್ಲಿ ಆಡಿಕೊಳ್ಳಲಿ ಅಂದರು. ಆಮೇಲೆ ಮರ್ಯಾದೆಗೆ ಎಂಬಂತೆ ನಾಗರಾಜಪ್ಪನ ಕಡೆ ತಿರುಗಿ, ಇಷ್ಟು ದಿನ ಕಷ್ಟಪಟ್ಟಿದ್ದೀರಿ, ನಿಮ್ಮದೇನಾದರೂ ಎರಡು ಮಾತಿದ್ದರೆ ಹೇಳಿ ಅಂದರು.

ಎಲ್ಲರೂ ಕಾದರು. ನಾಗರಾಜಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮೂಗಿಗೆ ಟೋಪಿ ಹಾಕಿಕೊಂಡು ತನ್ನನ್ನೇ ನೋಡುತ್ತಿದ್ದ ಮಗುವನ್ನು ನೋಡಿದ. ಆಮೇಲೆ, ಏನೂ ಇಲ್ಲ ಎಂದು ತಲೆಯಾಡಿಸಿ, ಹೆಂಡತಿಯ ಕಡೆ ಕೈ ತೋರಿಸಿ ಸುಮ್ಮನೆ ಕೂತುಬಿಟ್ಟ.

ಪುಷ್ಪಾಳ ನಗು ಮಾಯವಾಯಿತು. ಅವಳು ಗಾಬರಿಯಿಂದ ಎಡಗೈ ಚಾಚಿ ಗಂಡನ ಹಣೆ ಮುಟ್ಟಿ ನೋಡಿದಳು.

"ಜಯಕ್ಕಾ," ಅಂದಳು, "ಇಲ್ಲಿ ಹತ್ರದಾಗೆ ಡಾಕ್ಟ್ರು ಯಾರು ಅದಾರೆ?"